24 ಸೀಟಿನ ಏಷ್ಯನ್ ಕಪ್‌ನಲ್ಲಿ ಭಾರತಕ್ಕೆ ಯಾಕೆ ಜಾಗ ಸಿಗಲಿಲ್ಲ?

2025ರ ಅಕ್ಟೋಬರ್ 14, ಗೋವಾದ ಮಡಗಾಂವ್. ಏಷ್ಯನ್ ಕಪ್ ಫುಟ್‌ಬಾಲ್ ಅರ್ಹತಾ ಪಂದ್ಯದ 14ನೇ ನಿಮಿಷಕ್ಕೇ ಭಾರತದ ಲಾಲಿಯನ್‌ಝುವಾಲಾ ಛಾಂಗ್ಟೆ ದೂರದಿಂದ ಬಾರಿಸಿದ ಚೆಂಡು ಸಿಂಗಪುರದ ಬಲೆ ಸೇರಿತು. ಆಮೇಲೆ ಆಟ ತಿರುಗಿತು. ವಿರಾಮಕ್ಕೆ ಸ್ವಲ್ಪ ಮೊದಲು ಒಂದು ಗೋಲು, ವಿರಾಮ ಮುಗಿಸಿ ಬಂದು ಇನ್ನೊಂದು. ಎರಡನ್ನೂ ಹೊಡೆದವರು ಸಾಂಗ್ ಉಯ್-ಯಂಗ್. ಭಾರತ 1-2ರಿಂದ ಸೋತಿತು. 2027ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಶುರುವಾಗುವ ಏಷ್ಯನ್ ಕಪ್‌ನ ದಾರಿ ಅಲ್ಲಿಗೆ ಮುಚ್ಚಿತು.

ಸುದ್ದಿ ಓದಿದವರಿಗೆ ಗೊಂದಲ ಆಗಿದ್ದು ಸಹಜ. ಭಾರತಕ್ಕೆ ಇನ್ನೂ ಎರಡು ಪಂದ್ಯ ಬಾಕಿ ಇದ್ದವು, ಅಂದರೆ ಆರು ಅಂಕ. ಹಾಗಿದ್ದೂ ಔಟ್ ಹೇಗೆ? ಏಷ್ಯಾದಲ್ಲಿ ಇರುವುದೇ ನಲವತ್ತಾರು-ನಲವತ್ತೇಳು ತಂಡ, ಅದರಲ್ಲಿ 24ಕ್ಕೆ ಪ್ರವೇಶ ಇದೆ. ಅರ್ಧಕ್ಕಿಂತ ಜಾಸ್ತಿ ತಂಡಗಳು ಒಳಗೆ ಹೋಗುವಾಗ ನಾವು ಹೇಗೆ ಹೊರಗುಳಿದೆವು? 2024ರ ಜೂನ್‌ನಲ್ಲೇ ಒಂದು ಅರ್ಹತಾ ಸುತ್ತಿನಲ್ಲಿ ಸೋತಿದ್ದೆವಲ್ಲ, ಇದು ಯಾವ ಹೊಸ ಸುತ್ತು?

ಒಂದೊಂದಾಗಿ ನೋಡೋಣ.

ಎರಡು ಪಂದ್ಯ ಬಾಕಿ, ಆದರೂ ಔಟ್

ಗುಂಪಿನಲ್ಲಿ ನಾಲ್ಕು ತಂಡ: ಭಾರತ, ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ. ಪ್ರತಿ ತಂಡವೂ ಉಳಿದ ಮೂವರ ಜೊತೆ ತವರಿನಲ್ಲೊಂದು, ಹೊರಗೊಂದು ಪಂದ್ಯ ಆಡಬೇಕು. ಆರು ಪಂದ್ಯ ಮುಗಿದಾಗ ಮೊದಲ ಸ್ಥಾನದಲ್ಲಿ ಇರುವ ಒಂದೇ ತಂಡಕ್ಕೆ ಟಿಕೆಟ್. ಎರಡನೇ ಸ್ಥಾನಕ್ಕೆ ಏನೂ ಇಲ್ಲ.

ನಾಲ್ಕು ಪಂದ್ಯ ಮುಗಿದಾಗ ಸಿಂಗಪುರದ ಹತ್ತಿರ 8 ಅಂಕ, ಹಾಂಗ್‌ಕಾಂಗ್ ಹತ್ತಿರವೂ 8. ಭಾರತ ಮತ್ತು ಬಾಂಗ್ಲಾದೇಶ ತಲಾ 2. ಭಾರತ ಉಳಿದ ಎರಡನ್ನೂ ಗೆದ್ದರೆ 2 ಮತ್ತು 6 ಸೇರಿ 8. ಮೇಲಿನವರಿಗೆ ಸಮ ಆಗಬಹುದಲ್ವಾ ಅನ್ನಿಸುತ್ತದೆ. ಆದರೆ ಸಿಂಗಪುರ ಮತ್ತು ಹಾಂಗ್‌ಕಾಂಗ್ ನಡುವೆ ಇನ್ನೊಂದು ಪಂದ್ಯ ಬಾಕಿ ಇತ್ತು. ಅದರಲ್ಲಿ ಯಾರೇ ಗೆದ್ದರೂ ಅವರು 11ಕ್ಕೆ ಹೋಗುತ್ತಾರೆ. ಡ್ರಾ ಆದರೆ ಇಬ್ಬರೂ 9. ಹೇಗೆ ನೋಡಿದರೂ ಒಂದು ತಂಡವಾದರೂ 9 ಮುಟ್ಟಲೇಬೇಕು, ಭಾರತದ ಮಿತಿ 8. ಹಾಗಾಗಿ ಮಡಗಾಂವ್‌ನಲ್ಲಿ ಸೀಟಿ ಊದಿದ ಕ್ಷಣಕ್ಕೇ ಲೆಕ್ಕ ಮುಗಿದಿತ್ತು.

ಸಿಂಗಪುರ-ಹಾಂಗ್‌ಕಾಂಗ್ ಪಂದ್ಯ ನವೆಂಬರ್ 18ರಂದು ನಡೆಯಿತು. ಸಿಂಗಪುರ 2-1ರಿಂದ ಗೆದ್ದು 11ಕ್ಕೆ ಏರಿತು, ಹಾಂಗ್‌ಕಾಂಗ್ 8ರಲ್ಲೇ ನಿಂತಿತು. ಇನ್ನೊಂದು ಪಂದ್ಯ ಉಳಿದಿರುವಾಗಲೇ ಸಿಂಗಪುರಕ್ಕೆ ಟಿಕೆಟ್ ಖಚಿತವಾಯಿತು. ಹಾಂಗ್‌ಕಾಂಗ್ ಕೊನೆಯ ಪಂದ್ಯ ಗೆದ್ದು 11 ಮಾಡಿಕೊಳ್ಳಬಹುದಿತ್ತು, ನಿಜ. ಆದರೆ ಏಷ್ಯಾದ ನಿಯಮದಲ್ಲಿ ಅಂಕ ಸಮವಾದರೆ ಮೊದಲು ನೋಡುವುದು ಒಟ್ಟು ಗೋಲುಗಳನ್ನಲ್ಲ, ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳನ್ನು. ಅಲ್ಲಿ ಒಂದು ಡ್ರಾ, ಒಂದು ಸಿಂಗಪುರದ ಗೆಲುವು. ದುರ್ಬಲ ತಂಡದ ಮೇಲೆ ಐದಾರು ಗೋಲು ಹೊಡೆದು ಮೇಲೆ ಬರುವ ಆಟ ಇಲ್ಲಿ ಅಷ್ಟು ಸುಲಭವಾಗಿ ನಡೆಯುವುದಿಲ್ಲ.

ಎರಡು ಬಾಗಿಲಿನ ಬಸ್ಸು

ಈಗ ದೊಡ್ಡ ಪ್ರಶ್ನೆಗೆ ಬರೋಣ. ಏಷ್ಯನ್ ಕಪ್ ಅನ್ನು 24 ಸೀಟಿನ ಬಸ್ಸು ಅಂದುಕೊಳ್ಳಿ. ಅದಕ್ಕೆ ಮುಂದೊಂದು, ಹಿಂದೊಂದು ಬಾಗಿಲು.

ಮುಂದಿನ ಬಾಗಿಲು ವಿಶ್ವಕಪ್ ಅರ್ಹತಾ ಸುತ್ತಿನದು. 2019ರ ಏಷ್ಯನ್ ಕಪ್‌ನಿಂದ ಎರಡೂ ಅರ್ಹತಾ ಟೂರ್ನಿಗಳ ಶುರುವಿನ ಸುತ್ತುಗಳನ್ನು ಒಟ್ಟಿಗೇ ನಡೆಸಲಾಗುತ್ತಿದೆ. ಈ ಬಾರಿ ಅದು ಹೀಗಿತ್ತು: ರ‍್ಯಾಂಕಿಂಗ್‌ನಲ್ಲಿ ಕೆಳಗಿರುವ 20 ತಂಡಗಳು 2023ರ ಅಕ್ಟೋಬರ್‌ನಲ್ಲಿ ಜೋಡಿ ಜೋಡಿಯಾಗಿ ಆಡಿದವು. ಗೆದ್ದ 10 ತಂಡಗಳು ಮೇಲಿನ 26ರ ಜೊತೆ ಸೇರಿ 36 ಆದವು. ಆ 36 ತಂಡಗಳನ್ನು 9 ಗುಂಪು ಮಾಡಿದರು. ಪ್ರತಿ ಗುಂಪಿನ ಮೊದಲ ಇಬ್ಬರು, ಅಂದರೆ 18 ತಂಡಗಳು, ವಿಶ್ವಕಪ್ ಹಾದಿಯಲ್ಲಿ ಮುಂದಕ್ಕೆ ಹೋದವು. ಅದೇ ಹೊತ್ತಿಗೆ ಏಷ್ಯನ್ ಕಪ್ ಟಿಕೆಟ್ಟೂ ಅವರ ಜೇಬು ಸೇರಿತು.

ಅಲ್ಲಿ ಸೋತವರಿಗೆ ಹಿಂದಿನ ಬಾಗಿಲು. ಗುಂಪಿನಲ್ಲಿ ಮೂರು-ನಾಲ್ಕನೇ ಸ್ಥಾನ ಪಡೆದ 18 ತಂಡ ಮತ್ತು ಇನ್ನೂ ಕೆಳಗಿನಿಂದ ಬಂದವರು ಸೇರಿ 24 ತಂಡ, 6 ಗುಂಪು. ಭಾರತ ಮಡಗಾಂವ್‌ನಲ್ಲಿ ಆಡುತ್ತಿದ್ದದ್ದು ಈ ಸುತ್ತನ್ನು. 2024ರ ಜೂನ್‌ನಲ್ಲಿ ಸೋತಿದ್ದು ಮುಂದಿನ ಬಾಗಿಲಲ್ಲಿ, 2025ರ ಅಕ್ಟೋಬರ್‌ನಲ್ಲಿ ಸೋತಿದ್ದು ಹಿಂದಿನ ಬಾಗಿಲಲ್ಲಿ.

ಬಾಗಿಲು ಕಿರಿದಾಗಿದ್ದು ಹೇಗೆ

ಅಸಲಿ ವಿಷಯ ಇಲ್ಲಿದೆ. ಏಷ್ಯನ್ ಕಪ್‌ನ ಸೀಟುಗಳು ಕಮ್ಮಿ ಆಗಿಲ್ಲ. 2019ರಲ್ಲೂ 24, ಈಗಲೂ 24. ಆದರೆ ಯಾವ ಬಾಗಿಲಿಗೆ ಎಷ್ಟು ಸೀಟು ಅನ್ನುವುದು ಪೂರ್ತಿ ಬದಲಾಗಿದೆ.

2019ರ ಟೂರ್ನಿಗೆ ಮುಂದಿನ ಬಾಗಿಲಿನಿಂದ 12, ಹಿಂದಿನ ಬಾಗಿಲಿನಿಂದ 12 ತಂಡ ಬಂದವು. ಹಿಂದಿನ ಬಾಗಿಲಿನ ಸುತ್ತಿನ ಆರೂ ಗುಂಪುಗಳಲ್ಲಿ ಮೊದಲ ಇಬ್ಬರಿಗೆ ಜಾಗ ಇತ್ತು. 2023ರ ಟೂರ್ನಿಗೆ ಅದು 13 ಮತ್ತು 11 ಆಯಿತು. ಆರು ಗುಂಪುಗಳ ವಿಜೇತರ ಜೊತೆ ಎರಡನೇ ಸ್ಥಾನದ ಐದು ತಂಡಗಳೂ ತೂರಿಕೊಂಡವು. 2027ಕ್ಕೆ 18 ಮತ್ತು 6.

ಯಾಕೆ ಹೀಗಾಯಿತು? ವಿಶ್ವಕಪ್ ದೊಡ್ಡದಾಯಿತು. 32 ತಂಡಗಳಿದ್ದ ಟೂರ್ನಿಯನ್ನು ಫಿಫಾ 2026ರಿಂದ 48ಕ್ಕೆ ಏರಿಸಿತು. ನಾಲ್ಕೂವರೆ ಸೀಟು ಇದ್ದ ಏಷ್ಯಾದ ಪಾಲು ಎಂಟೂವರೆ ಆಯಿತು (ಅರ್ಧ ಅಂದರೆ ಬೇರೆ ಖಂಡದವರ ಜೊತೆ ಪ್ಲೇ-ಆಫ್ ಆಡುವ ಅವಕಾಶ). ಸೀಟು ಜಾಸ್ತಿ ಆದಾಗ ಕೊನೆಯ ಹಂತದ ಅರ್ಹತಾ ಸುತ್ತಿಗೂ ತಂಡಗಳು ಜಾಸ್ತಿ ಬೇಕು. 12 ಇದ್ದದ್ದು 18 ಆಯಿತು. ಆ 18ಕ್ಕೂ ಏಷ್ಯನ್ ಕಪ್ ಟಿಕೆಟ್ ನೇರವಾಗಿ ಕೊಟ್ಟ ಮೇಲೆ ಉಳಿದವರಿಗೆ ಆರೇ ಸೀಟು ಮಿಕ್ಕಿದವು.

ಈ ಬದಲಾವಣೆ ಭಾರತಕ್ಕೆ ಬೇರೆಯವರಿಗಿಂತ ಜಾಸ್ತಿ ಪೆಟ್ಟು ಕೊಟ್ಟಿತು. ನಾವು ಈ ಜಂಟಿ ಪದ್ಧತಿಯಲ್ಲಿ ಒಮ್ಮೆಯೂ ಮುಂದಿನ ಬಾಗಿಲಿನಿಂದ ಹತ್ತಿದವರಲ್ಲ. 2019ರ ಹಾದಿಯನ್ನೇ ನೋಡಿ. ವಿಶ್ವಕಪ್ ಅರ್ಹತಾ ಗುಂಪಿನಲ್ಲಿ ಇರಾನ್, ಒಮಾನ್, ತುರ್ಕ್‌ಮೆನಿಸ್ತಾನ್, ಗುವಾಮ್ ಜೊತೆ ಆಡಿದ ಎಂಟರಲ್ಲಿ ಏಳು ಸೋಲು. ಗೆದ್ದದ್ದು ಒಂದೇ, ಅದೂ ಬೆಂಗಳೂರಿನ ಕಂಠೀರವದಲ್ಲಿ ಗುವಾಮ್ ಮೇಲೆ. ಗುಂಪಿನಲ್ಲಿ ಕೊನೆಯ ಸ್ಥಾನ. ಆಮೇಲೆ ಲಾವೋಸ್ ವಿರುದ್ಧ ಪ್ಲೇ-ಆಫ್ ಆಡಿ ಹಿಂದಿನ ಬಾಗಿಲಿನ ಸಾಲಿಗೆ ಸೇರಿದೆವು. ಅಲ್ಲಿ ಸಿಕ್ಕವರು ಕಿರ್ಗಿಸ್ತಾನ್, ಮ್ಯಾನ್ಮಾರ್, ಮಕಾವ್. 2017ರ ಅಕ್ಟೋಬರ್ 11ರಂದು ಅದೇ ಕಂಠೀರವದಲ್ಲಿ ಮಕಾವ್ ಮೇಲೆ 4-1ರಿಂದ ಗೆದ್ದು ಯುಎಇಯಲ್ಲಿ ನಡೆದ ಆ ಏಷ್ಯನ್ ಕಪ್‌ನ ಟಿಕೆಟ್ ಪಡೆದೆವು. ಏಳು ಸೋಲು ಕಂಡ ಪಯಣ ಏಷ್ಯನ್ ಕಪ್‌ನಲ್ಲಿ ಮುಗಿಯಿತು!

2023ರ ಟೂರ್ನಿಗೂ ಹಾಗೇ. ಮೊದಲ ಗುಂಪಿನಲ್ಲಿ ಕತಾರ್, ಒಮಾನ್ ಹಿಂದೆ ಮೂರನೇ ಸ್ಥಾನ. ಹಿಂದಿನ ಬಾಗಿಲಿನ ಸುತ್ತಿನ ಮೂರು ಪಂದ್ಯಗಳೂ ಕೋಲ್ಕತ್ತದಲ್ಲೇ ನಡೆದವು, ಕೋವಿಡ್ ಕಾರಣಕ್ಕೆ ಒಂದೇ ಊರಿನಲ್ಲಿ ಇಟ್ಟಿದ್ದರು. ಕಾಂಬೋಡಿಯಾ, ಅಫ್ಘಾನಿಸ್ತಾನ, ಹಾಂಗ್‌ಕಾಂಗ್ ಮೂವರನ್ನೂ ಸೋಲಿಸಿದೆವು. ಇನ್ನೂ ಹಿಂದೆ ಹೋದರೆ 2011ರ ಟಿಕೆಟ್ ಬಂದದ್ದು 2008ರ ಎಎಫ್‌ಸಿ ಚಾಲೆಂಜ್ ಕಪ್ ಗೆದ್ದಿದ್ದಕ್ಕೆ. ಅದು ಸಣ್ಣ ತಂಡಗಳಿಗೆಂದೇ ಮಾಡಿದ್ದ ಟೂರ್ನಿ, ಫೈನಲ್‌ನಲ್ಲಿ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದಿದ್ದರು. ಈಗ ಆ ಟೂರ್ನಿಯೇ ಇಲ್ಲ.

ಹಾಗಾದರೆ ಹಳೆಯ ಅರ್ಹತೆಗಳಿಗೆ ಬೆಲೆ ಇಲ್ಲವೇ? ಇದೆ, ಮೈದಾನದಲ್ಲಿ ಆಡಿಯೇ ಗೆದ್ದದ್ದು. ಆದರೆ 2019 ಮತ್ತು 2023ರ ಟೂರ್ನಿಗಳಲ್ಲಿ ಸತತವಾಗಿ ಆಡಿದ್ದನ್ನು ನೋಡಿ ಭಾರತ ಏಷ್ಯಾದ ಮೊದಲ 24ರಲ್ಲಿ ಗಟ್ಟಿಯಾಗಿ ಕೂತಿದೆ ಅಂತ ಭಾವಿಸಿದ್ದು ತಪ್ಪು ಲೆಕ್ಕ. 2024ರ ಆರಂಭದಲ್ಲಿ ಕತಾರ್‌ನಲ್ಲಿ (2023ರ ಟೂರ್ನಿ ನಡೆದದ್ದು ಆಗಲೇ) ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ್, ಸಿರಿಯಾ ವಿರುದ್ಧ ಮೂರೂ ಪಂದ್ಯ ಸೋತಾಗ, ಒಂದು ಗೋಲೂ ಬಾರದಿದ್ದಾಗಲೇ ಅದು ಕಾಣಿಸಿತ್ತು.

ಮುಂದಿನ ಬಾಗಿಲಲ್ಲಿ ಕೈ ಜಾರಿದ್ದು

ವಿಚಿತ್ರ ಏನೆಂದರೆ, ಹಿಂದಿನ ಬಾಗಿಲು ಕಿರಿದಾದ ಈ ಬಾರಿಯೇ ಮುಂದಿನ ಬಾಗಿಲು ಅಗಲವಾಗಿತ್ತು. ಗುಂಪಿನಲ್ಲಿ ಎರಡನೆಯವರಾಗಿದ್ದರೂ ಸಾಕಿತ್ತು. ನಮ್ಮ ಗುಂಪಿನಲ್ಲಿ ಕತಾರ್ ಮೊದಲ ಸ್ಥಾನಕ್ಕೆ ಹೋಗುವುದು ಗೊತ್ತಿದ್ದದ್ದೇ. ಕುವೈತ್, ಅಫ್ಘಾನಿಸ್ತಾನ ಇಬ್ಬರನ್ನು ಹಿಂದೆ ಹಾಕಿದ್ದರೆ ವಿಶ್ವಕಪ್ ಹಾದಿಯ ಮುಂದಿನ ಸುತ್ತೂ ಸಿಗುತ್ತಿತ್ತು, ಏಷ್ಯನ್ ಕಪ್ಪೂ.

ಶುರು ಚೆನ್ನಾಗಿತ್ತು. 2023ರ ನವೆಂಬರ್‌ನಲ್ಲಿ ಕುವೈತ್‌ಗೇ ಹೋಗಿ 1-0ಯಿಂದ ಗೆದ್ದೆವು. ಕೆಟ್ಟದ್ದು 2024ರ ಮಾರ್ಚ್‌ನಲ್ಲಿ. ಅಫ್ಘಾನಿಸ್ತಾನದ ಹಲವು ಮುಖ್ಯ ಆಟಗಾರರು ತಮ್ಮ ಫೆಡರೇಶನ್ ಜೊತೆ ಜಗಳವಾಡಿಕೊಂಡು ತಂಡದಿಂದ ದೂರ ಇದ್ದರು. ಆ ತಂಡದ ಜೊತೆ ಸೌದಿಯ ಅಭಾದಲ್ಲಿ 0-0. ನಂತರ ಗುವಾಹಟಿಯಲ್ಲಿ, ಛೆಟ್ರಿಯ 150ನೇ ಪಂದ್ಯದಲ್ಲಿ, 1-2 ಸೋಲು.

ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಜೊತೆ 0-0. ಛೆಟ್ರಿ ವಿದಾಯದ ಪಂದ್ಯ ಅಂತ ಎಲ್ಲರಿಗೂ ನೆನಪಿರುವುದು ಕಣ್ಣೀರು. ಅಂಕಪಟ್ಟಿ ಹೇಳುವ ಕತೆ ಬೇರೆ. ಕೊನೆಗೆ ಕುವೈತ್ 7, ಭಾರತ 5. ಆ ಸಂಜೆ ಒಂದೇ ಒಂದು ಗೋಲು ಸಿಕ್ಕಿದ್ದರೆ, ಉಳಿದ ಫಲಿತಾಂಶ ಹಾಗೇ ಇದ್ದಿದ್ದರೆ, ಭಾರತ 7, ಕುವೈತ್ 6.

ಐದು ದಿನ ಬಿಟ್ಟು ದೋಹಾದಲ್ಲಿ ಕತಾರ್ ವಿರುದ್ಧ ಛಾಂಗ್ಟೆ ಗೋಲಿನಿಂದ ಭಾರತ ಮುಂದಿತ್ತು. ದ್ವಿತೀಯಾರ್ಧದಲ್ಲಿ ಗೆರೆ ದಾಟಿ ಹೊರಗೆ ಹೋಗಿದ್ದ ಚೆಂಡನ್ನು ಒಳಗೆಳೆದು ಕತಾರ್ ಗೋಲು ಮಾಡಿತು, ರೆಫರಿ ಕೊಟ್ಟುಬಿಟ್ಟರು. ವೀಡಿಯೊ ನೋಡಿ ತೀರ್ಮಾನಿಸುವ ವ್ಯವಸ್ಥೆ ಅಲ್ಲಿರಲಿಲ್ಲ. ಆಮೇಲೆ ಇನ್ನೊಂದು ಗೋಲು, 1-2. ಅದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುವಾಹಟಿಯಲ್ಲಿ ಗೆದ್ದಿದ್ದರೆ ದೋಹಾದ ರೆಫರಿಯ ಕಣ್ಣಿನ ಮೇಲೆ ನಮ್ಮ ಭವಿಷ್ಯ ನಿಲ್ಲುತ್ತಿರಲಿಲ್ಲ.

"ಸುಲಭದ ಗುಂಪು"

ಹಿಂದಿನ ಬಾಗಿಲಿನ ಸುತ್ತಿಗೆ ಚೀಟಿ ಎತ್ತುವಾಗ ಭಾರತ ಮೊದಲ ದರ್ಜೆಯ ತಂಡಗಳ ಪೈಕಿ ಇತ್ತು. ಗುಂಪು ನೋಡಿ ಬಹಳ ಜನ ಖುಷಿಪಟ್ಟರು. ಕಾರಣವೂ ಇತ್ತು. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಜೊತೆ ಆಡುವಾಗ ಭಾರತದ ರ‍್ಯಾಂಕ್ 126, ಅವರದು 185. ಫಲಿತಾಂಶ 0-0.

ಆ ದಿನ ಬಾಂಗ್ಲಾ ಪರ ಮೊದಲ ಸಲ ಆಡಿದ್ದು ಹಮ್ಜಾ ಚೌಧರಿ. ಇಂಗ್ಲೆಂಡಿನಲ್ಲಿ ಹುಟ್ಟಿ ಲೆಸ್ಟರ್ ಸಿಟಿಯಲ್ಲಿ ಬೆಳೆದ ಆಟಗಾರ. ಮಡಗಾಂವ್‌ನಲ್ಲಿ ಎರಡು ಗೋಲು ಹೊಡೆದ ಸಾಂಗ್ ಉಯ್-ಯಂಗ್ ಹುಟ್ಟಿದ್ದು ದಕ್ಷಿಣ ಕೊರಿಯಾದಲ್ಲಿ, 2021ರಲ್ಲಿ ಸಿಂಗಪುರದ ಪೌರರಾದರು. ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಹೆಚ್ಚುವರಿ ಸಮಯದ ಪೆನಾಲ್ಟಿಯಿಂದ ನಮ್ಮನ್ನು 1-0ಯಿಂದ ಸೋಲಿಸಿದ ಸ್ಟೀಫನ್ ಪೆರೇರಾ ಬ್ರೆಜಿಲ್ ಮೂಲದವರು. ರ‍್ಯಾಂಕ್ ಹಳೆಯ ಫಲಿತಾಂಶಗಳ ಮೊತ್ತ ಅಷ್ಟೇ. ನಿನ್ನೆ ಬಂದು ಸೇರಿದ ಆಟಗಾರ ಅದರಲ್ಲಿ ಕಾಣಿಸುವುದಿಲ್ಲ.

ತಪ್ಪು ಎಲ್ಲಿದೆ ಅನ್ನುವ ಜಗಳ

ಇಲ್ಲಿಂದ ಒಂದು ಗುಂಪಿನ ವಾದ ಶುರುವಾಗುತ್ತದೆ: ಭಾರತಕ್ಕೂ ವಿದೇಶದಲ್ಲಿ ಬೆಳೆದ ಭಾರತೀಯ ಮೂಲದವರು ಬೇಕು. ನಮ್ಮ ಕಾನೂನಿನಲ್ಲಿ ಎರಡು ಪೌರತ್ವ ಇಲ್ಲ. ಭಾರತೀಯ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಅನ್ನುವುದು ಪೌರತ್ವ ಅಲ್ಲ. ದೇಶದ ಪರ ಆಡಲು ಭಾರತದ ಪಾಸ್‌ಪೋರ್ಟ್ ಇರಲೇಬೇಕು. ಬಾಂಗ್ಲಾದೇಶಕ್ಕೆ ಈ ತೊಡಕಿಲ್ಲ, ಅಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇದೆ.

ಆದರೆ ಕಾನೂನೊಂದೇ ಅಡ್ಡಿ ಅನ್ನುವುದೂ ಪೂರ್ತಿ ನಿಜವಲ್ಲ. ಇಂಡೊನೇಷ್ಯಾದಲ್ಲೂ ವಯಸ್ಕರಿಗೆ ಎರಡು ಪೌರತ್ವ ಇಲ್ಲ. ಆದರೂ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಬೆಳೆದ ಹಲವರು ಅಲ್ಲಿನ ಪೌರತ್ವ ಬಿಟ್ಟು ಬಂದರು. 2023ರ ಅಕ್ಟೋಬರ್‌ನಲ್ಲಿ ಮೊದಲ ಸುತ್ತಿನಲ್ಲಿ ಬ್ರೂನೈ ಜೊತೆ ಆಡುತ್ತಿದ್ದ ಆ ತಂಡ ಮುಂದಿನ ಬಾಗಿಲಿನಿಂದಲೇ ಏಷ್ಯನ್ ಕಪ್ ಸೇರಿತು. ನಮ್ಮಲ್ಲೂ ಈಗ ಒಂದು ಉದಾಹರಣೆ ಸಿಕ್ಕಿದೆ. ಬೆಂಗಳೂರು ಎಫ್‌ಸಿಯ ಮುಂಪಡೆ ಆಟಗಾರ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದವರಾದರು. ಕಾಗದಪತ್ರ ಹೊತ್ತಿಗೆ ಸರಿಯಾಗಿ ಬಾರದೆ 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ವಿರುದ್ಧ ಆಡಲು ಆಗಲಿಲ್ಲ. ಇದರಲ್ಲಿ ಅಡ್ಡದಾರಿಯೂ ಇದೆ. ಮಲೇಷ್ಯಾದ ಏಳು ಆಟಗಾರರ ವಿಷಯದಲ್ಲಿ ಸುಳ್ಳು ದಾಖಲೆ ಕೊಟ್ಟಿದ್ದಾರೆಂದು ಫಿಫಾ 2025ರ ಸೆಪ್ಟೆಂಬರ್‌ನಲ್ಲಿ ಅವರನ್ನು 12 ತಿಂಗಳು ನಿಷೇಧಿಸಿತು.

ಎರಡನೇ ವಾದ ಗೋಲಿನದು. ಗೋಲು ಹೊಡೆಯುವವರೇ ಇಲ್ಲ ಅನ್ನುವುದಕ್ಕೆ ಲೆಕ್ಕವೇ ಸಾಕು. ಮುಂದಿನ ಬಾಗಿಲಿನ ಆರು, ಹಿಂದಿನ ಬಾಗಿಲಿನ ಮೊದಲ ಐದು, ಒಟ್ಟು 11 ಪಂದ್ಯಗಳಲ್ಲಿ ಭಾರತ ಹೊಡೆದದ್ದು 5 ಗೋಲು. ಮನ್ವೀರ್ ಸಿಂಗ್ ಒಂದು, ಛೆಟ್ರಿ ಒಂದು, ರಹೀಮ್ ಅಲಿ ಒಂದು, ಛಾಂಗ್ಟೆ ಎರಡು. ಛೆಟ್ರಿಯದು ಗುವಾಹಟಿಯ ಪೆನಾಲ್ಟಿ. ವಿದಾಯ ಹೇಳಿದ್ದ ಛೆಟ್ರಿಯನ್ನು 40ನೇ ವಯಸ್ಸಿನಲ್ಲಿ ಮತ್ತೆ ಕರೆತಂದಿದ್ದೂ ಇದೇ ಬರಗಾಲಕ್ಕೆ. ದೇಶದ ಮುಖ್ಯ ಲೀಗ್ ಆದ ಐಎಸ್‌ಎಲ್‌ನ ಕ್ಲಬ್‌ಗಳು ಮುಂಪಡೆಯ ನಡುವಿನ ಜಾಗವನ್ನು ಹೆಚ್ಚಾಗಿ ವಿದೇಶಿಯರಿಗೆ ಕೊಡುತ್ತವೆ. ನಮ್ಮ ಹುಡುಗರು ಅಂಚಿನಲ್ಲಿ ಓಡುತ್ತಾರೆ, ಚೆಂಡು ಕೊಡುತ್ತಾರೆ. ಕ್ಲಬ್‌ಗಳಿಗೂ ಅವರದೇ ತರ್ಕ ಇದೆ: ಗೆಲ್ಲದಿದ್ದರೆ ಪ್ರೇಕ್ಷಕ ಬರುವುದಿಲ್ಲ, ಗೋಲು ಹೊಡೆಯುವವನನ್ನು ಕೊಂಡು ತರುವುದು ಬೆಳೆಸುವುದಕ್ಕಿಂತ ಬೇಗ.

ಮೂರನೆಯದು ಆಡಳಿತ. ಈ ಎರಡು ವರ್ಷಗಳಲ್ಲಿ ತಂಡಕ್ಕೆ ಮೂವರು ಕೋಚ್‌ಗಳು: ಇಗೋರ್ ಸ್ಟಿಮಾಕ್, ಮನೋಲೊ ಮಾರ್ಕ್ವೆಜ್, ಖಾಲಿದ್ ಜಮೀಲ್. ಮಾರ್ಕ್ವೆಜ್ ಅದೇ ಹೊತ್ತಿಗೆ ಎಫ್‌ಸಿ ಗೋವಾ ಕೋಚ್ ಕೂಡ ಆಗಿದ್ದರು. 2025ರ ಜುಲೈನಲ್ಲಿ ಐಎಸ್‌ಎಲ್‌ನ ಹೊಸ ಋತುವನ್ನೇ ತಡೆಹಿಡಿಯಲಾಯಿತು, ಭಾರತದ ಫುಟ್‌ಬಾಲ್ ಫೆಡರೇಶನ್ ಎಐಎಫ್‌ಎಫ್ ಮತ್ತು ಲೀಗ್ ನಡೆಸುವ ಸಂಸ್ಥೆಯ ನಡುವಿನ ಒಪ್ಪಂದ ಮುಗಿಯುತ್ತಾ ಬಂದಿತ್ತು. ಸಿಂಗಪುರದ ಜೊತೆ ನಿರ್ಣಾಯಕ ಪಂದ್ಯ ಆಡುವ ಹೊತ್ತಿಗೆ ದೇಶದ ಮುಖ್ಯ ಲೀಗೇ ನಡೆಯುತ್ತಿರಲಿಲ್ಲ.

ಇದರಲ್ಲಿ ಯಾವುದು ಸರಿ? ಆಡಳಿತದ ಗೊಂದಲ ಅಕ್ಟೋಬರ್ ಪಂದ್ಯಗಳಿಗೆ ಪೆಟ್ಟು ಕೊಟ್ಟಿತು, ಒಪ್ಪಬೇಕು. ಆದರೆ ಗುವಾಹಟಿ, ಕೋಲ್ಕತ್ತ, ಶಿಲ್ಲಾಂಗ್ ಪಂದ್ಯಗಳು ಲೀಗ್ ನಿಲ್ಲುವುದಕ್ಕಿಂತ ಮೊದಲಿನವು. ಮೂರೂ ತವರಿನವು, ಮೂರರಲ್ಲೂ ಆಟದಿಂದ ಒಂದು ಗೋಲೂ ಬರಲಿಲ್ಲ. ಹಾಗಾಗಿ ಗೋಲಿನ ವಾದವೇ ಹೆಚ್ಚು ತೂಕದ್ದು ಅನ್ನಿಸುತ್ತದೆ.

ಪದ್ಧತಿಯೇ ಕ್ರೂರ ಅನ್ನುವವರೂ ಇದ್ದಾರೆ. ಅವರಿಗೊಂದು ಆಧಾರ ಯುರೋಪಿನಲ್ಲಿದೆ. ಅಲ್ಲಿ ಅರ್ಹತಾ ಗುಂಪಿನಲ್ಲಿ ಎಡವಿದರೂ ನೇಷನ್ಸ್ ಲೀಗ್ ಎಂಬ ಬೇರೊಂದು ಟೂರ್ನಿಯ ಮೂಲಕ ಇನ್ನೊಂದು ಅವಕಾಶ ಸಿಗುತ್ತದೆ. ಜಾರ್ಜಿಯಾ ಹಾಗೆಯೇ 2024ರ ಯುರೋಗೆ ಬಂತು. ಆದರೆ ಭಾರತಕ್ಕೂ ಇಲ್ಲಿ ಎರಡು ಅವಕಾಶ ಸಿಕ್ಕಿದ್ದವಲ್ಲ.

ಮುಂದೇನು

ಮೊದಲ ಪರಿಣಾಮ ರ‍್ಯಾಂಕಿಂಗ್ ಮೇಲೆ. ಫಿಫಾ ಲೆಕ್ಕದಲ್ಲಿ ಪ್ರತಿ ಪಂದ್ಯಕ್ಕೂ ಒಂದು ತೂಕ ಇದೆ. ಫಿಫಾ ನಿಗದಿ ಮಾಡಿದ ದಿನಗಳಲ್ಲಿ ಆಡುವ ಸ್ನೇಹಪರ ಪಂದ್ಯಕ್ಕೆ 10, ಅರ್ಹತಾ ಪಂದ್ಯಕ್ಕೆ 25, ಏಷ್ಯನ್ ಕಪ್‌ನಂಥ ಟೂರ್ನಿಯ ಗುಂಪು ಪಂದ್ಯಕ್ಕೆ 35. ನಿಮಗಿಂತ 200 ಅಂಕ ಕೆಳಗಿರುವ ತಂಡದ ಜೊತೆ ಅರ್ಹತಾ ಪಂದ್ಯ ಆಡುತ್ತೀರಿ ಅಂದುಕೊಳ್ಳಿ. ಗೆದ್ದರೆ ಸುಮಾರು 8 ಅಂಕ ಸೇರುತ್ತದೆ. ಡ್ರಾ ಆದರೆ ಸುಮಾರು 4.5 ಕಳೆಯುತ್ತದೆ. ಸೋತರೆ 17 ಹೋಗುತ್ತದೆ. ಕೆಳಗಿನವರ ಜೊತೆ ಎಡವುವುದು ಎಷ್ಟು ದುಬಾರಿ ಅನ್ನುವುದು ಇದರಲ್ಲೇ ಕಾಣುತ್ತದೆ. ಢಾಕಾದಲ್ಲಿ ಬಾಂಗ್ಲಾದೇಶ 1-0ಯಿಂದ ಗೆದ್ದಾಗ ಅದು 22 ವರ್ಷಗಳಲ್ಲಿ ಭಾರತದ ಮೇಲೆ ಅವರ ಮೊದಲ ಗೆಲುವು. ಆ ತಿಂಗಳ ಪಟ್ಟಿಯಲ್ಲಿ ಭಾರತ 142ಕ್ಕೆ ಇಳಿಯಿತು. 2023ರ ಜುಲೈನಲ್ಲಿ, ಬೆಂಗಳೂರಿನಲ್ಲಿ ಕುವೈತ್ ಸೋಲಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದಾಗ, ನಾವು 99ರಲ್ಲಿದ್ದೆವು.

ಕಳೆದುಕೊಂಡಷ್ಟು ಬೇಗ ಇದನ್ನು ವಾಪಸ್ ಗಳಿಸಲು ಆಗುವುದಿಲ್ಲ. ಏಷ್ಯನ್ ಕಪ್‌ನಲ್ಲಿ ಆಡುವವರಿಗೆ 35ರ ತೂಕದ ಪಂದ್ಯಗಳು ಸಿಗುತ್ತವೆ, ನಮಗೆ 10ರವು. ದೊಡ್ಡ ತಂಡಗಳು ಟೂರ್ನಿಗೆ ತಯಾರಿ ಮಾಡುವಾಗ ಅಲ್ಲಿಗೆ ಬಾರದ ತಂಡದ ಜೊತೆ ಆಡಲು ಅಷ್ಟಾಗಿ ಮನಸ್ಸು ಮಾಡುವುದಿಲ್ಲ.

ರ‍್ಯಾಂಕ್ ಬರೀ ಮಾನದ ಪ್ರಶ್ನೆ ಅಲ್ಲ. ಮುಂದಿನ ಅರ್ಹತಾ ಚಕ್ರದಲ್ಲಿ ಎಲ್ಲಿಂದ ಶುರು ಮಾಡಬೇಕು, ಚೀಟಿ ಎತ್ತುವಾಗ ಯಾವ ದರ್ಜೆಯಲ್ಲಿರಬೇಕು ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಕಳೆದ ಸಲ ಏಷ್ಯಾದ ಮೊದಲ 26 ತಂಡಗಳು ಮೊದಲ ಸುತ್ತು ಆಡಬೇಕಿರಲಿಲ್ಲ. ಅದೇ ಗೆರೆ ಮುಂದುವರಿದರೆ ಭಾರತ ಈಗ ಅದರ ಮೇಲೆ ಆರಾಮಾಗಿ ಕೂತಿರುವ ತಂಡ ಅಲ್ಲ.

2023ರ ಅಕ್ಟೋಬರ್‌ನಲ್ಲಿ ಆ ಗೆರೆಯ ಕೆಳಗೆ ಸಿಂಗಪುರ ಗುವಾಮ್ ಜೊತೆ ಆಡಿತು, ಹಾಂಗ್‌ಕಾಂಗ್ ಭೂತಾನ್ ಜೊತೆ, ಬಾಂಗ್ಲಾದೇಶ ಮಾಲ್ಡೀವ್ಸ್ ಜೊತೆ. ಭಾರತಕ್ಕೆ ಆ ಸುತ್ತು ಇರಲಿಲ್ಲ. ಅದೇ ವಾರ ನಮ್ಮ ತಂಡ ಮಲೇಷ್ಯಾದಲ್ಲಿ ಮೆರ್ಡೆಕಾ ಕಪ್ ಆಡುತ್ತಿತ್ತು.